ಅಜ್ಜ ಇಥಿಯೋಪಿಯಾದಲ್ಲಿ ಮೇಷ್ಟ್ರಾಗಿದ್ರು, ನಾನು ಪಬ್ಲಿಕ್ ಡಿಪ್ಲೊಮಸಿ ಓದ್ಲಾ?

ಪ್ರಶ್ನೆ: ನಮ್ಮಜ್ಜ ಅಜ್ಜಿ ಇಬ್ರೂ 1960ರ ದಶಕದಲ್ಲಿ ಮೈಸೂರಿಂದ ಇಥಿಯೋಪಿಯಾಗೆ ಹೋಗಿ ಹೈಸ್ಕೂಲಲ್ಲಿ ಗಣಿತ, ಸೈನ್ಸ್ ಪಾಠ ಮಾಡ್ತಿದ್ರು. ಅಲ್ಲಿ ಕ್ರಾಂತಿ ಆದ ಸ್ವಲ್ಪ ವರ್ಷಕ್ಕೆ ವಾಪಸ್ ಬಂದ್ರು. ಅಜ್ಜ ಈಗಿಲ್ಲ, ಅಜ್ಜಿಗೆ 86. ಮನೇಲಿ ಒಂದು ಟ್ರಂಕ್ ತುಂಬ ಅವರ ಹಳೇ ಸ್ಟೂಡೆಂಟ್ಸ್ ಬರೆದ ಕಾಗದ ಇವೆ. ನಾನು ಬಿಎ ಜರ್ನಲಿಸಂ ಮುಗಿಸಿ ಬೆಂಗಳೂರಲ್ಲಿ ಒಂದು ಪಿಆರ್ ಕಂಪನೀಲಿ ಒಂದು ವರ್ಷದಿಂದ ಕೆಲಸ ಮಾಡ್ತಿದೀನಿ. ಅಜ್ಜನ ಥರಾನೇ ದೇಶ ದೇಶಗಳ ಜನರ ನಡುವೆ ಏನಾದ್ರೂ ಮಾಡ್ಬೇಕು, ಅದಕ್ಕೆ ಅಮೆರಿಕದಲ್ಲಿ ಪಬ್ಲಿಕ್ ಡಿಪ್ಲೊಮಸಿ ಮಾಸ್ಟರ್ಸ್ ಮಾಡ್ಬೇಕು ಅಂತ ಆಸೆ. ಅಪ್ಪ ಎಂಬಿಎ ಮಾಡು, ಇಲ್ಲಾಂದ್ರೆ ಯುಪಿಎಸ್‌ಸಿ ಬರಿ ಅಂತಿದಾರೆ. ಅಜ್ಜನ ಕಥೆ ಅಡ್ಮಿಷನ್‌ಗೆ ಹೆಲ್ಪ್ ಆಗುತ್ತಾ? ಈ ಕೋರ್ಸ್ ಮಾಡಿದ್ರೆ ಕೆಲಸ ಸಿಗುತ್ತಾ?

ಉತ್ತರ: ನಿಮ್ಮ ಪತ್ರ ಓದಿ ನಂಗೆ ಮೊದ್ಲು ಅನ್ಸಿದ್ದು ಆ ಟ್ರಂಕ್‌ಗೆ ನೀವು ಇನ್ನೂ ಕೈ ಹಾಕೇ ಇಲ್ಲ ಅಂತ. ಕಾಗದ ಇವೆ ಅಂದ್ರಿ, ಅದ್ರಲ್ಲಿ ಏನಿದೆ ಅಂತ ಒಂದು ಸಾಲೂ ಹೇಳ್ಲಿಲ್ಲ, ಅಜ್ಜ ಯಾವ ಊರಲ್ಲಿದ್ರು ಅಂತಾನೂ ಹೇಳ್ಲಿಲ್ಲ. ಇದನ್ನ ಬೈಯೋಕೆ ಹೇಳ್ತಿಲ್ಲ, ನಿಮ್ಮ ಎರಡೂ ಪ್ರಶ್ನೆಗೆ ಉತ್ತರ ಒಂದು ರೀತೀಲಿ ಅಲ್ಲೇ ಇದೆ, ಅದಕ್ಕೆ ಹೇಳ್ದೆ. ಆದ್ರೆ ಕೆಲಸದ ವಿಷಯ ಮೊದ್ಲು ಮಾತಾಡೋಣ, ಯಾಕಂದ್ರೆ ದುಡ್ಡು ಹೋಗೋದು ಅಲ್ಲಿ, ಮತ್ತೆ ಇದ್ರಲ್ಲಿ ನಾನು ಅಡ್ಡಗೋಡೆ ಮೇಲೆ ದೀಪ ಇಡೋಕೆ ಹೋಗಲ್ಲ.

ಪಬ್ಲಿಕ್ ಡಿಪ್ಲೊಮಸಿ ಅಂದ್ರೆ ಒಂದು ದೇಶದ ಸರ್ಕಾರ ಇನ್ನೊಂದು ದೇಶದ ಸರ್ಕಾರದ ಜೊತೆ ಅಲ್ದೆ ಅಲ್ಲಿನ ಜನರ ಜೊತೆ ಮಾತಾಡೋದು, ಸ್ಕಾಲರ್‌ಶಿಪ್ಪು, ರೇಡಿಯೋ, ಕಲ್ಚರಲ್ ಸೆಂಟರು, ಸಿನಿಮಾ, ಈಗಿನ ಕಾಲಕ್ಕೆ ಎಂಬೆಸಿಗಳ ಇನ್‌ಸ್ಟಾ ಅಕೌಂಟು ಎಲ್ಲ ಸೇರಿ. ಈ ಹೆಸರನ್ನ ಈಗಿನ ಅರ್ಥದಲ್ಲಿ ಚಾಲ್ತಿಗೆ ತಂದಿದ್ದು 1965ರಲ್ಲಿ, ಅಮೆರಿಕದ ಟಫ್ಟ್ಸ್ ಯೂನಿವರ್ಸಿಟಿಯ ಫ್ಲೆಚರ್ ಸ್ಕೂಲಲ್ಲಿ ಡೀನ್ ಆಗಿದ್ದ ಎಡ್ಮಂಡ್ ಗಲಿಯನ್. ಡೀನ್ ಆಗೋ ಮುಂಚೆ ಅವರು ರಾಯಭಾರಿ ಆಗಿದ್ದವರು. ಅಷ್ಟೊತ್ತಿಗೆ ಅಮೆರಿಕದ ಇನ್ಫರ್ಮೇಷನ್ ಏಜೆನ್ಸಿ ಅನ್ನೋ ಇಡೀ ಇಲಾಖೆ ಈ ಕೆಲಸ ಮಾಡ್ತಿತ್ತು, 1953ರಿಂದ 1999ರವರೆಗೆ ಇತ್ತು, ಆಮೇಲೆ ಅದನ್ನ ಅವರ ವಿದೇಶಾಂಗ ಇಲಾಖೆಗೆ ಸೇರಿಸಿಬಿಟ್ರು. ಅಂದ್ರೆ ಅಲ್ಲಿನ ಈ ಕೋರ್ಸುಗಳು ಹುಟ್ಟಿದ್ದೇ ಆ ಸರ್ಕಾರಿ ವ್ಯವಸ್ಥೆಯ ಸುತ್ತ, ಸದರ್ನ್ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿ ಇರ್ಬೋದು ಸಿರಾಕ್ಯೂಸ್ ಇರ್ಬೋದು, ಪಾಠ ಬಹಳ ಚೆನ್ನಾಗಿರುತ್ತೆ, ಅದ್ರಲ್ಲಿ ಅನುಮಾನ ಇಲ್ಲ, ಆದ್ರೆ ಪಾಠ ಮುಗಿಸಿ ಹೊರಗೆ ಬಂದಾಗ ಎದುರಿಗಿರೋ ದೊಡ್ಡ ಬಾಗಿಲು ಅಮೆರಿಕದ ವಿದೇಶಾಂಗ ಸೇವೆ, ಅದು ಅವರ ಸಿಟಿಜನ್ಸ್‌ಗೆ ಮಾತ್ರ. ಇನ್ನೆರಡು ಬಾಗಿಲು ಅಂದ್ರೆ ಬೇರೆ ದೇಶಗಳಿಗೆ ನೆರವು ಕೊಡ್ತಿದ್ದ ಯುಎಸ್‌ಏಡ್ ಮತ್ತೆ ಸರ್ಕಾರಿ ದುಡ್ಡಲ್ಲಿ ನಡೆಯೋ ರೇಡಿಯೋ ವಾಯ್ಸ್ ಆಫ್ ಅಮೆರಿಕ. ಯುಎಸ್‌ಏಡ್ 2025ರ ಜುಲೈ 1ಕ್ಕೆ ಬಾಗಿಲು ಹಾಕ್ತು, ವಾಯ್ಸ್ ಆಫ್ ಅಮೆರಿಕದವರನ್ನ ಅದೇ ವರ್ಷ ಮಾರ್ಚಲ್ಲಿ ರಜೆ ಮೇಲೆ ಮನೆಗೆ ಕಳಿಸಿದ್ರು. ಹತ್ತು ಹದಿನೈದು ವರ್ಷ ಅನುಭವ ಇರೋ ಅಲ್ಲಿನವರೇ ಈಗ ಕೆಲಸ ಹುಡುಕ್ತಿದಾರೆ, ಅವರ ಜೊತೆ ನೀವು ಸಾಲಲ್ಲಿ ನಿಲ್ಬೇಕು.

ದುಡ್ಡಿನ ಲೆಕ್ಕ ಹಾಕಿ. ಅಮೆರಿಕದ ಒಂದು ದೊಡ್ಡ ಪ್ರೈವೇಟ್ ಯೂನಿವರ್ಸಿಟೀಲಿ ಎರಡು ವರ್ಷ ಅಂದ್ರೆ ಫೀಸು, ಬಾಡಿಗೆ, ಊಟ, ಇನ್ಶೂರೆನ್ಸು ಎಲ್ಲ ಸೇರಿ ಒಂದು ಕೋಟಿ ದಾಟೋದು ಮಾಮೂಲು. ಓದು ಮುಗಿದ್ಮೇಲೆ ಅಲ್ಲೇ ಕೆಲಸ ಮಾಡೋಕೆ ಸ್ಟೂಡೆಂಟ್ ವೀಸಾದಲ್ಲಿ ಕೊಡೋ ಓಪಿಟಿ ಅನ್ನೋ ಅನುಮತಿ 12 ತಿಂಗಳು, ಇನ್ನೂ 24 ತಿಂಗಳು ಜಾಸ್ತಿ ಸಿಗೋದು ಸ್ಟೆಮ್, ಅಂದ್ರೆ ಸೈನ್ಸ್, ಟೆಕ್ನಾಲಜಿ, ಇಂಜಿನಿಯರಿಂಗ್, ಗಣಿತ ಅಂತ ಗುರುತಿಸಿದ ಕೋರ್ಸಿಗೆ ಮಾತ್ರ. ಕಮ್ಯುನಿಕೇಷನ್, ಡಿಪ್ಲೊಮಸಿ ಥರದ ಕೋರ್ಸುಗಳಲ್ಲಿ ಬಹಳಷ್ಟು ಆ ಪಟ್ಟೀಲಿ ಬರಲ್ಲ. ಅಡ್ಮಿಷನ್ ಆಫೀಸಿಗೆ ಮೇಲ್ ಹಾಕಿ ನಿಮ್ಮ ಕೋರ್ಸಿನ ಸಿಐಪಿ ಕೋಡ್ (ಕೋರ್ಸ್ ಯಾವ ವಿಷಯಕ್ಕೆ ಸೇರಿದ್ದು ಅಂತ ಹೇಳೋ ನಂಬರ್) ಯಾವುದು, ಅದು ಸ್ಟೆಮ್ ಪಟ್ಟೀಲಿದ್ಯಾ ಅಂತ ನೇರವಾಗಿ ಕೇಳಿ, ಬ್ರೋಷರಲ್ಲಿ ಇದನ್ನ ದಪ್ಪ ಅಕ್ಷರದಲ್ಲಿ ಯಾರೂ ಹಾಕಲ್ಲ. ಫುಲ್ ಸ್ಕಾಲರ್‌ಶಿಪ್ ಸಿಕ್ರೆ ಕಣ್ಮುಚ್ಚಿ ಹೋಗಿ. ಸಾಲ ಮಾಡಿ ಹೋಗೋದಾದ್ರೆ ಮೂಗಿಗಿಂತ ಮೂಗುತಿ ಭಾರ ಆಗುತ್ತೆ, ನಾನು ಬೇಡ ಅಂತೀನಿ.

ಅಪ್ಪ ಹೇಳೋ ಯುಪಿಎಸ್‌ಸಿ ವಿಷಯ. ನಿಮಗೆ ಭಾರತದ ಪರವಾಗಿ, ಭಾರತ ಸರ್ಕಾರದ ಹೆಸರಲ್ಲಿ ಈ ಕೆಲಸ ಮಾಡ್ಬೇಕು ಅಂತಿದ್ರೆ ಅಪ್ಪ ಹೇಳ್ತಿರೋದೇ ಸರಿ. ಐಎಫ್ಎಸ್‌ಗೆ, ಅಂದ್ರೆ ನಮ್ಮ ವಿದೇಶಾಂಗ ಸೇವೆಗೆ, ಬೇರೆ ದಾರಿ ಅನ್ನೋದು ಹೆಚ್ಚು ಕಡಿಮೆ ಇಲ್ಲ, ಅಲ್ಲಿ ಈ ಮಾಸ್ಟರ್ಸ್‌ಗೆ ಒಂದು ಮಾರ್ಕ್ಸೂ ಜಾಸ್ತಿ ಕೊಡಲ್ಲ. ಆದ್ರೆ ಐಎಫ್ಎಸ್‌ಗೆ ತಗೊಳೋದು ವರ್ಷಕ್ಕೆ ಕೆಲವೇ ಡಜನ್ ಜನ, ಮತ್ತೆ ಸೇರಿದ್ಮೇಲೂ ನಿಮ್ಮ ಜೀವನದ ಬಹುಪಾಲು ವೀಸಾ, ವ್ಯಾಪಾರ, ಪ್ರೋಟೊಕಾಲ್ ಇದ್ರಲ್ಲೇ ಹೋಗುತ್ತೆ. ಜನರ ಜೊತೆ ಕೆಲಸ ಮಾಡೋ ಭಾಗ ನಮ್ಮಲ್ಲಿ ಬೇರೆ ಕಡೆ ಹಂಚಿಹೋಗಿದೆ. ಮೌಲಾನಾ ಆಜಾದ್ 1950ರಲ್ಲಿ ಶುರು ಮಾಡಿದ ಐಸಿಸಿಆರ್ ಇದೆ, ವಿದೇಶಿ ಸ್ಟೂಡೆಂಟ್ಸ್‌ಗೆ ಸ್ಕಾಲರ್‌ಶಿಪ್ ಕೊಡೋದು, ಹೊರದೇಶದಲ್ಲಿ ಕಲ್ಚರಲ್ ಸೆಂಟರ್ ನಡೆಸೋದು ಅದು, ಬೆಂಗಳೂರಲ್ಲೂ ಅದರ ರೀಜನಲ್ ಆಫೀಸ್ ಇದೆ. 1964ರಿಂದ ಐಟೆಕ್ ಅಂತ ಇದೆ, ಬೇರೆ ದೇಶದ ಅಧಿಕಾರಿಗಳನ್ನ, ಟೆಕ್ನಿಷಿಯನ್ನುಗಳನ್ನ ಕರೆಸಿ ಟ್ರೇನಿಂಗ್ ಕೊಡೋದು. ವಿದೇಶಾಂಗ ಇಲಾಖೆ 2006ರಲ್ಲಿ ಪಬ್ಲಿಕ್ ಡಿಪ್ಲೊಮಸಿಗೇ ಒಂದು ವಿಭಾಗ ತೆಗೀತು, ಆಮೇಲೆ ಅದನ್ನ ಪ್ರಚಾರ ವಿಭಾಗದ ಜೊತೆ ಸೇರಿಸಿದ್ರು. ಹಾಗೆ ಸೇರಿಸಿದ್ದು ತಪ್ಪು ಅಂತ ನನ್ನ ಅಭಿಪ್ರಾಯ, ಪ್ರಚಾರ ಮತ್ತೆ ಇದು ಒಂದೇ ಕೈಲಿದ್ರೆ ಯಾವಾಗ್ಲೂ ಪ್ರಚಾರಾನೇ ಗೆಲ್ಲೋದು, ಇರ್ಲಿ.

ಇನ್ನು ಅಜ್ಜನ ಕಥೆ. ನಾನು ಈ ಸಬ್ಜೆಕ್ಟ್ ಪಾಠ ಮಾಡೋನು, ವರ್ಷಾ ವರ್ಷಾ ರೆಕಮೆಂಡೇಷನ್ ಕೇಳ್ಕೊಂಡು ಬರೋ ಹುಡುಗ ಹುಡುಗೀರ ಎಸ್‌ಒಪಿ, ಅಂದ್ರೆ ಈ ಕೋರ್ಸ್ ಯಾಕೆ ಬೇಕು ಅಂತ ಅಪ್ಲಿಕೇಷನ್ ಜೊತೆ ಬರೆಯೋದು, ಓದ್ತೀನಿ. "ಚಿಕ್ಕಂದಿನಿಂದ ಅಜ್ಜನ ಕಥೆ ಕೇಳಿ ಬೆಳೆದೆ, ಸಂಸ್ಕೃತಿಗಳ ನಡುವೆ ಸೇತುವೆ ಆಗೋದು ನನ್ನ ರಕ್ತದಲ್ಲೇ ಇದೆ" ಅಂತ ಬರೆದಿದ್ರೆ ಅಲ್ಲಿಗೆ ಮುಗೀತು, ಅದೇ ಸಾಲನ್ನ ಸೆನೆಗಲ್ ಹುಡುಗಾನೂ ಬರೆದಿರ್ತಾನೆ ಚಿಲಿ ಹುಡುಗೀನೂ ಬರೆದಿರ್ತಾಳೆ. ಅಜ್ಜ ಮಾಡಿದ್ದು ಅಜ್ಜನ ಕೆಲಸ, ನಿಮ್ಮ ಕ್ವಾಲಿಫಿಕೇಷನ್ ಆಗಲ್ಲ. ಆದ್ರೆ ಅದ್ರಿಂದ ಒಂದು ಒಳ್ಳೇ ಪ್ರಶ್ನೆ ಹುಟ್ಟುತ್ತೆ, ಆ ಪ್ರಶ್ನೆ ಮಾತ್ರ ನಿಮ್ಮದೇ, ಅಡ್ಮಿಷನ್ ಕಮಿಟಿ ಬೆಲೆ ಕೊಡೋದು ಅದಕ್ಕೆ.

ಯಾವ ಪ್ರಶ್ನೆ ಅಂತ ಹೇಳೋಕೆ ಸ್ವಲ್ಪ ಹಿಂದಕ್ಕೆ ಹೋಗ್ಬೇಕು. 1936ರಿಂದ 1941ರವರೆಗೆ ಇಥಿಯೋಪಿಯಾ ಇಟಲಿಯವರ ಕೈಲಿತ್ತು. 1937ರ ಫೆಬ್ರವರೀಲಿ ಅಡಿಸ್ ಅಬಾಬಾದಲ್ಲಿ ಇಟಲಿಯ ವೈಸ್‌ರಾಯ್ ಗ್ರಾತ್ಸಿಯಾನಿ ಮೇಲೆ ಬಾಂಬ್ ಹಾಕಿದ್ರು ಅನ್ನೋ ನೆಪಕ್ಕೆ ಸಾವಿರಾರು ಜನರನ್ನ ಕೊಂದ್ರು, ಅದ್ರಲ್ಲೂ ಓದಿದ ಯುವಕರನ್ನ ಹುಡುಕಿ ಹುಡುಕಿ ಕೊಂದ್ರು. ಚಕ್ರವರ್ತಿ ಹೈಲೆ ಸೆಲಾಸಿ ವಾಪಸ್ ಬಂದು ಸ್ಕೂಲ್ ತೆಗೀಬೇಕು ಅಂದ್ರೆ ಮೇಷ್ಟ್ರೇ ಇಲ್ಲ. ಹೈಸ್ಕೂಲ್ ಪಾಠ ಇಂಗ್ಲಿಷಲ್ಲಿ. ಇಂಗ್ಲಿಷಲ್ಲಿ ಗಣಿತ ಸೈನ್ಸ್ ಹೇಳ್ಕೊಡೋ ಬಿಎಸ್ಸಿ ಬಿಎಡ್ ಮಾಡಿದವರು ನಮ್ಮಲ್ಲಿ ಬೇಕಾದಷ್ಟು ಜನ, ಸಂಬಳ ಇಲ್ಲಿಗಿಂತ ಅಲ್ಲಿ ಜಾಸ್ತಿ. ಹಾಗಾಗಿ 1950, 60ರ ದಶಕದಲ್ಲಿ ಕೇರಳದಿಂದ ಹೆಚ್ಚಾಗಿ, ನಮ್ಮ ಕಡೆಯಿಂದಾನೂ, ಸಾವಿರಗಟ್ಟಲೆ ಮೇಷ್ಟ್ರುಗಳು ಹೋದ್ರು. ರಾಜಧಾನೀಲಿ ಮಾತ್ರ ಅಲ್ಲ, ಜಿಮ್ಮಾ, ಗೊಂಡಾರ್, ಡೆಸ್ಸಿ, ಹರಾರ್ ಥರದ ಊರುಗಳಲ್ಲೂ ಇದ್ರು. 1962ರಲ್ಲಿ ಅಮೆರಿಕದ ಪೀಸ್ ಕೋರ್ ಅನ್ನೋ ಸ್ವಯಂಸೇವಕ ಪಡೆಯ ಹುಡುಗರು ಬರೋ ಹೊತ್ತಿಗೆ ಅಲ್ಲಿನ ಎಷ್ಟೋ ಸ್ಟಾಫ್‌ರೂಮಲ್ಲಿ ಆಗಲೇ ಭಾರತದವರು ಕೂತಿದ್ರು.

ಇಲ್ಲಿ ಒಂದು ವಿಷಯ ಗಮನಿಸಿ. ಈ ಮೇಷ್ಟ್ರುಗಳಿಗೆ ಸಂಬಳ ಕೊಡ್ತಿದ್ದಿದ್ದು ಇಥಿಯೋಪಿಯಾ ಸರ್ಕಾರ, ಕಾಂಟ್ರ್ಯಾಕ್ಟ್ ಮೇಲೆ. ಭಾರತ ಸರ್ಕಾರ ಅವರನ್ನ ದೇಶದ ಹೆಸರು ಬೆಳಗಿ ಬನ್ನಿ ಅಂತ ಕಳಿಸಿರ್ಲಿಲ್ಲ. ನಿಮ್ಮಜ್ಜ ಡಿಪ್ಲೊಮಸಿ ಮಾಡೋಕೆ ಹೋಗಿದ್ದಲ್ಲ, ಬಹುಶಃ ತಂಗಿ ಮದುವೆಗೋ ಸೈಟ್ ತಗೊಳೋಕೋ ದುಡ್ಡು ಬೇಕಿತ್ತು, ಹೋದ್ರು. ಅವರ ಸ್ಟೂಡೆಂಟ್ಸ್ ಮುಂದೆ ಡಾಕ್ಟ್ರು, ಇಂಜಿನಿಯರ್ರು, ಮಂತ್ರಿಗಳು ಆದ್ರು, ಆ ತಲೆಮಾರಿನ ಇಥಿಯೋಪಿಯಾದವರನ್ನ ಭೇಟಿ ಮಾಡಿದ್ರೆ ಈಗಲೂ ಮೊದಲನೇ ಮಾತು "ನಂಗೆ ಇಂಡಿಯನ್ ಟೀಚರ್ ಇದ್ರು" ಅಂತ. ಯಾವ ಪ್ಲಾನೂ ಇಲ್ದೆ, ಬಜೆಟ್ಟೂ ಇಲ್ದೆ ಈ ನಂಬಿಕೆ ಹೇಗೆ ಹುಟ್ಟಿತು, ಕೋಟಿಗಟ್ಟಲೆ ಸುರಿದು ಮಾಡೋ ಕ್ಯಾಂಪೇನ್‌ಗಳಲ್ಲಿ ಅದು ಯಾಕೆ ಹುಟ್ಟಲ್ಲ, ಅಜ್ಜನ ತಲೆಮಾರು ಹೋದ್ಮೇಲೆ ಆ ನಂಬಿಕೆಗೆ ಏನಾಯ್ತು? ಇದು ಪ್ರಶ್ನೆ. ಇದನ್ನ ಇಟ್ಕೊಂಡು ಅಪ್ಲೈ ಮಾಡಿದ್ರೆ ಓದೋರು ಕುರ್ಚಿ ಮುಂದಕ್ಕೆ ಎಳ್ಕೋತಾರೆ.

ಮನೆಯ ಪ್ರೀತಿಯಲ್ಲಿ ಕಾಣದೇ ಇರೋ ಅರ್ಧನೂ ಇದೆ, ಅದನ್ನ ನೀವೇ ಹುಡುಕಿ ಬರೀಬೇಕು. ಅಜ್ಜನ ಕಾಲದ ಇಂಡಿಯನ್ ಅಂದ್ರೆ ಮೇಷ್ಟ್ರು. ಇಪ್ಪತ್ತು ವರ್ಷದ ಹಿಂದೆ ಬೆಂಗಳೂರು ಮೂಲದ್ದೇ ಒಂದು ಹೂವಿನ ಕಂಪನಿ ಅಲ್ಲಿ ಫಾರ್ಮ್ ಮಾಡ್ತು, ಆಮೇಲೆ ಗಂಬೆಲಾ ಪ್ರದೇಶದಲ್ಲಿ ಲಕ್ಷಗಟ್ಟಲೆ ಎಕರೆ ಜಮೀನು ಗುತ್ತಿಗೆಗೆ ತಗೊಂಡು ಜಗತ್ತಿನ ಪೇಪರಲ್ಲೆಲ್ಲ ಭೂಮಿ ಕಬಳಿಕೆ ಅಂತ ಸುದ್ದಿ ಆಯ್ತು, 2015ರ ಕೊನೇಲಿ ಗುತ್ತಿಗೇನೇ ರದ್ದಾಯ್ತು. ಗಂಬೆಲಾದ ಹುಡುಗನಿಗೆ ಇಂಡಿಯನ್ ಅಂದ್ರೆ ಆ ಕಂಪನಿಯ ಟ್ರ್ಯಾಕ್ಟರ್ ಇರ್ಬೋದು, ಗಣಿತದ ಮೇಷ್ಟ್ರು ಅಲ್ಲ. ಇನ್ನು ನಮ್ಮೂರಲ್ಲೇ ನೋಡಿ, 2016ರ ಜನವರಿ ಕೊನೇಲಿ ಹೆಸರಘಟ್ಟ ರೋಡಲ್ಲಿ ಸೂಡಾನ್‌ನವನೊಬ್ಬ ಮಾಡಿದ ಆಕ್ಸಿಡೆಂಟ್‌ಗೆ, ಅದಕ್ಕೆ ಸಂಬಂಧಾನೇ ಇಲ್ಲದ ತಾಂಜಾನಿಯಾದ ವಿದ್ಯಾರ್ಥಿನಿ ಮೇಲೆ ಗುಂಪು ಹಲ್ಲೆ ಮಾಡ್ತು, ಅವಳ ಕಾರು ಸುಟ್ರು, ವಿದೇಶಾಂಗ ಮಂತ್ರಿಗಳೇ ಮಾತಾಡ್ಬೇಕಾಯ್ತು. ಐಸಿಸಿಆರ್ ಎಷ್ಟು ಸ್ಕಾಲರ್‌ಶಿಪ್ ಕೊಟ್ರೂ ಆಫ್ರಿಕಾದ ಹುಡುಗರು ಊರಿಗೆ ಹೋಗಿ ಹೇಳೋದು ಬಾಡಿಗೆ ಮನೆ ಓನರ್ ಹೇಗೆ ನಡ್ಕೊಂಡ ಅನ್ನೋದನ್ನ. ನೀವು ಪಿಆರ್‌ನಿಂದ ಬಂದಿರೋದ್ರಿಂದ ಇದನ್ನ ಒತ್ತಿ ಹೇಳ್ತಿದೀನಿ, ಪಿಆರ್‌ನಲ್ಲಿ ಕೆಟ್ಟ ಸುದ್ದಿ ಬಂದ್ರೆ ಮೆಸೇಜ್ ರೆಡಿ ಮಾಡ್ತೀವಿ, ಇಲ್ಲಿ ಮೊದ್ಲು ಕೇಳಿಸ್ಕೋಬೇಕು. ನಿಕೋಲಸ್ ಕಲ್ ಅನ್ನೋ ಪ್ರೊಫೆಸರ್ ಈ ಕ್ಷೇತ್ರದ ಕೆಲಸವನ್ನ ಐದಾಗಿ ವಿಂಗಡಿಸ್ತಾರೆ, ಅದ್ರಲ್ಲಿ ಮೊದಲನೇದೇ ಕೇಳಿಸ್ಕೊಳೋದು, ಆಮೇಲೆ ವಾದ ಮಂಡನೆ, ಸಂಸ್ಕೃತಿ, ವಿನಿಮಯ, ಪ್ರಸಾರ.

ಹಾಗಾಗಿ ನನ್ನ ಸಲಹೆ, ಕೋರ್ಸಿನ ಹೆಸರು ನೋಡಿ ಆರಿಸ್ಬೇಡಿ, ನಿಮ್ಮ ಪ್ರಶ್ನೆ ಎಲ್ಲಿ ಚೆನ್ನಾಗಿ ಓದ್ಬೋದು ಅಂತ ನೋಡಿ. ನಿಮ್ಮ ಕೇಸಲ್ಲಿ ಅಂದ್ರೆ ಆಫ್ರಿಕಾ, ಅದ್ರಲ್ಲೂ ಇಥಿಯೋಪಿಯಾ ಗೊತ್ತಿರೋ ಮೇಷ್ಟ್ರು ಇರೋ ಕಡೆ, ಅಲ್ಲಿನ ಭಾಷೆ ಅಮ್ಹಾರಿಕ್ ಕಲಿಯೋಕೆ ಅವಕಾಶ ಇದ್ರೆ ಇನ್ನೂ ಒಳ್ಳೇದು. ಲಂಡನ್‌ನ ಸೋಯಾಸ್ ಯೂನಿವರ್ಸಿಟಿ 1916ರಲ್ಲಿ ಶುರುವಾಗಿದ್ದು, ಏಷ್ಯಾ ಆಫ್ರಿಕಾ ಅಧ್ಯಯನಕ್ಕೇ ಹೆಸರಾದ ಜಾಗ, ಅಲ್ಲಿ ಡಿಪ್ಲೊಮಸಿ ಕೋರ್ಸೂ ಇದೆ, ಬ್ರಿಟನ್ನಿನ ಮಾಸ್ಟರ್ಸ್ ಒಂದೇ ವರ್ಷ, ಖರ್ಚು ಅರ್ಧ ಅಲ್ಲೇ ಕಡಿಮೆ ಆಯ್ತು. ಜರ್ಮನಿಯ ಹ್ಯಾಂಬರ್ಗ್ ಯೂನಿವರ್ಸಿಟೀಲಿ ಇಥಿಯೋಪಿಯಾ ಅಧ್ಯಯನಕ್ಕೇ ಹಿಯೋಬ್ ಲುಡೋಲ್ಫ್ ಅನ್ನೋರ ಹೆಸರಲ್ಲಿ ಒಂದು ಕೇಂದ್ರ ಇದೆ, ಟ್ಯೂಷನ್ ಫೀಸ್ ಇಲ್ಲ ಅನ್ನಬಹುದಾದಷ್ಟು ಕಡಿಮೆ, ಆದ್ರೆ ಅಲ್ಲಿ ಹಸ್ತಪ್ರತಿ, ಭಾಷೆ, ಇತಿಹಾಸದ ಕಡೆ ಒಲವು ಜಾಸ್ತಿ, ಜರ್ಮನ್ನೂ ಬೇಕಾಗ್ಬೋದು. ಅಡಿಸ್ ಅಬಾಬಾ ಯೂನಿವರ್ಸಿಟಿಯ ಬಗ್ಗೆ ನಮ್ಮಲ್ಲಿ ಯಾರೂ ಯೋಚ್ನೇನೇ ಮಾಡಲ್ಲ. ಅಲ್ಲಿ 1963ರಿಂದ ಇಥಿಯೋಪಿಯಾ ಅಧ್ಯಯನ ಸಂಸ್ಥೆ ಇದೆ, ಅದಕ್ಕೆ ಲೈಬ್ರರಿ ಇದೆ, ಮ್ಯೂಸಿಯಂ ಹೈಲೆ ಸೆಲಾಸಿಯ ಹಳೇ ಅರಮನೇಲಿದೆ. ಅದೇ ಊರಲ್ಲಿ ಆಫ್ರಿಕನ್ ಯೂನಿಯನ್ ಹೆಡ್ ಆಫೀಸು, ವಿಶ್ವಸಂಸ್ಥೆಯ ಆಫ್ರಿಕಾ ಆರ್ಥಿಕ ಆಯೋಗದ ಆಫೀಸು, ಜೊತೆಗೆ ನೂರಕ್ಕೂ ಹೆಚ್ಚು ಎಂಬೆಸಿ. ಇಡೀ ಮಾಸ್ಟರ್ಸ್ ಅಲ್ಲಿ ಮಾಡಿ ಅಂತಿಲ್ಲ, ಇಥಿಯೋಪಿಯಾದ ಉತ್ತರದ ಟಿಗ್ರೇ ಯುದ್ಧ 2022ರ ನವೆಂಬರಲ್ಲಿ ಒಪ್ಪಂದ ಆಗಿ ನಿಂತ್ರೂ ದೇಶದ ಬೇರೆ ಭಾಗಗಳಲ್ಲಿ ಗಲಾಟೆ ತಣ್ಣಗಾಗಿಲ್ಲ, ಆದ್ರೆ ಫೀಲ್ಡ್‌ವರ್ಕ್‌ಗೆ ಒಂದು ಸೆಮಿಸ್ಟರ್ ಅಲ್ಲಿರೋಕೆ ಬಿಡೋ ಕೋರ್ಸ್ ಹುಡುಕಿ.

ಇಲ್ಲೇ ಓದೋದಾದ್ರೆ ಜೆಎನ್‌ಯು ಸ್ಕೂಲ್ ಆಫ್ ಇಂಟರ್‌ನ್ಯಾಷನಲ್ ಸ್ಟಡೀಸ್, ಅಲ್ಲಿ ಆಫ್ರಿಕಾಗೇ ಒಂದು ಸೆಂಟರ್ ಇದೆ, ಸಿಯುಇಟಿ ಪಿಜಿ ಅನ್ನೋ ಎಂಟ್ರೆನ್ಸ್ ಬರೀಬೇಕು, ಫೀಸು ನಿಮ್ಮ ಒಂದು ತಿಂಗಳ ರೂಮ್ ಬಾಡಿಗೆಗಿಂತ ಕಡಿಮೆ. ಮುಂಬೈ, ದೆಹಲಿ ಯೂನಿವರ್ಸಿಟಿಗಳಲ್ಲೂ ಆಫ್ರಿಕಾ ಅಧ್ಯಯನ ವಿಭಾಗಗಳಿವೆ. ಮಣಿಪಾಲದಲ್ಲಿ ಜಿಯೋಪಾಲಿಟಿಕ್ಸ್ ಮತ್ತು ಇಂಟರ್‌ನ್ಯಾಷನಲ್ ರಿಲೇಷನ್ಸ್ ಎಂಎ ಇದೆ, ಊರಿಗೆ ಹತ್ರ. ಎಂಬಿಎ ಬಗ್ಗೆ ನಾನೇನೂ ಹೇಳಲ್ಲ, ನಿಮ್ಮ ಪತ್ರದಲ್ಲಿ ಅದರ ಬಗ್ಗೆ ಒಂದು ಚೂರೂ ಆಸೆ ಕಾಣ್ಲಿಲ್ಲ.

ಕೆಲಸ ಎಲ್ಲಿ ಅಂತ ಅಪ್ಪ ಕೇಳಿದ್ರೆ, ಬೆಂಗಳೂರಿಂದಾನೇ ಶುರು ಮಾಡ್ಬೋದು. ಇಲ್ಲಿ ಬ್ರಿಟನ್, ಜರ್ಮನಿ, ಫ್ರಾನ್ಸ್, ಜಪಾನ್, ಇಸ್ರೇಲ್ ಇವರ ಕಾನ್ಸುಲೇಟು ಅಥವಾ ಅದಕ್ಕೆ ಸಮನಾದ ಆಫೀಸುಗಳಿವೆ, 2025ರ ಜನವರೀಲಿ ಅಮೆರಿಕದವರೂ ಉದ್ಘಾಟನೆ ಮಾಡಿದ್ರು. ಇವರಿಗೆಲ್ಲ ಪ್ರೆಸ್, ಕಲ್ಚರ್, ಎಜುಕೇಷನ್ ವಿಭಾಗಕ್ಕೆ ಲೋಕಲ್ ಸ್ಟಾಫ್ ಬೇಕು, ಕನ್ನಡ ಪೇಪರ್ ಓದಿ ನಾಲ್ಕು ಸಾಲಲ್ಲಿ ಸಾರ ಹೇಳೋರು ಬೇಕು, ಬೆಳಗಾವಿ ಕಾಲೇಜಿಗೆ ಹೋಗಿ ಮಾತಾಡೋರು ಬೇಕು. ಜರ್ನಲಿಸಂ ಡಿಗ್ರಿ, ಪಿಆರ್ ಅನುಭವ, ಒಳ್ಳೇ ಕನ್ನಡ ಇರೋ ನಿಮಗೆ ಇದು ಸರಿಹೊಂದೋ ಕೆಲಸ. ಫ್ರೆಂಚ್ ಕಲ್ಚರಲ್ ಸೆಂಟರ್ ಅಲಿಯಾನ್ಸ್ ಫ್ರಾನ್ಸೇಸ್, ಇಂದಿರಾನಗರದ ಜರ್ಮನ್ ಸೆಂಟರ್ ಮ್ಯಾಕ್ಸ್ ಮುಲ್ಲರ್ ಭವನ ಇವೂ ಇದೇ ಲೈನಿನವು. ಪ್ರೈವೇಟ್ ಯೂನಿವರ್ಸಿಟಿಗಳ ಇಂಟರ್‌ನ್ಯಾಷನಲ್ ಆಫೀಸುಗಳಿಗೆ ಆಫ್ರಿಕಾದ ಸ್ಟೂಡೆಂಟ್ಸ್ ಬೇಕು, ಅವರ ಕಷ್ಟ ಅರ್ಥ ಮಾಡ್ಕೊಳೋರು ಮಾತ್ರ ಕಮ್ಮಿ. ವಿದೇಶಾಂಗ ಇಲಾಖೇಲಿ ಸ್ಟೈಪೆಂಡ್ ಇರೋ ಇಂಟರ್ನ್‌ಶಿಪ್ಪೂ ಇದೆ, ವಯಸ್ಸಿನ ಮಿತಿ ಇರೋದ್ರಿಂದ ಅದನ್ನ ಮುಂದೂಡ್ಬೇಡಿ.

ಈಗ ಟ್ರಂಕ್ ತೆಗೀರಿ. ಅಜ್ಜಿಗೆ 86 ಅಂದ್ರಿ, ಅದಕ್ಕೆ ಬೇರೆ ಎಲ್ಲಕ್ಕಿಂತ ಮೊದ್ಲು ಇದು. ಪ್ರತಿ ಕಾಗದವನ್ನೂ ಕವರ್ ಸಮೇತ ಸ್ಕ್ಯಾನ್ ಮಾಡಿ, ಪೋಸ್ಟ್‌ಮಾರ್ಕ್ ಕಾಣೋ ಹಾಗೆ. ತಾರೀಕು ನೋಡಿ ಗಾಬರಿ ಆಗ್ಬೇಡಿ, ಇಥಿಯೋಪಿಯಾದ ಕ್ಯಾಲೆಂಡರ್ ನಮಗಿಂತ ಏಳೆಂಟು ವರ್ಷ ಹಿಂದೆ, ವರ್ಷಕ್ಕೆ 13 ತಿಂಗಳು, ಹೊಸ ವರ್ಷ ಸೆಪ್ಟೆಂಬರಲ್ಲಿ. ಹುಡುಗ ಅವರ ಲೆಕ್ಕದಲ್ಲಿ 1962 ಅಂತ ಬರೆದಿದ್ರೆ ಅದು ನಮ್ಮ 1969ರ ಸೆಪ್ಟೆಂಬರಿಂದ 1970ರ ಸೆಪ್ಟೆಂಬರ್ ಒಳಗೆ. ಅಜ್ಜಿ ಏನಾದ್ರೂ ಸ್ಕೂಲ್ ಬೆಲ್ ಎರಡು ಗಂಟೆಗೆ ಹೊಡೀತಿತ್ತು ಅಂದ್ರೆ ಮರೆವು ಅಂದ್ಕೋಬೇಡಿ, ಅಲ್ಲಿ ಗಂಟೆ ಎಣಿಸೋದು ಬೆಳಿಗ್ಗೆ ಆರರಿಂದ, ಎರಡು ಅಂದ್ರೆ ನಮ್ಮ ಎಂಟು. ಹೆಸರುಗಳ ವಿಷಯಾನೂ ಹಾಗೇ, ಅವರಿಗೆ ಸರ್‌ನೇಮ್ ಅಂತ ಇಲ್ಲ, ಎರಡನೇ ಹೆಸರು ಅಪ್ಪನದು, ಹಾಗಾಗಿ ಆ ಸ್ಟೂಡೆಂಟ್ ಮಕ್ಕಳನ್ನ ಹುಡುಕೋವಾಗ ಅವರ ಹೆಸರಿನ ಕೊನೇಲಿ ಈ ಸ್ಟೂಡೆಂಟಿನ ಮೊದಲನೇ ಹೆಸರು ಇರುತ್ತೆ. ಅಜ್ಜಿ ಹತ್ರ ಮಾತಾಡಿಸೋವಾಗ "ಅಲ್ಲಿ ಜೀವನ ಹೇಗಿತ್ತು ಅಜ್ಜಿ" ಅಂತ ಕೇಳಿದ್ರೆ "ಚೆನ್ನಾಗಿತ್ತು ಕಣೇ" ಅಂತ ಮುಗಿಸಿಬಿಡ್ತಾರೆ. ಕಾಗದ ಒಂದೊಂದೇ ಕೈಗೆ ಕೊಟ್ಟು ಇವನು ಯಾರು, ಯಾವ ಬೆಂಚಲ್ಲಿ ಕೂರ್ತಿದ್ದ, ಮನೆಗೆ ಬರ್ತಿದ್ನಾ, ಊಟಕ್ಕೆ ಏನ್ ಮಾಡ್ತಿದ್ರಿ, ಅಕ್ಕಿ ಎಲ್ಲಿ ಸಿಗ್ತಿತ್ತು ಅಂತ ಕೇಳಿ, ಫೋನಲ್ಲಿ ರೆಕಾರ್ಡ್ ಹಾಕ್ಕೊಳಿ. ಅಲ್ಲಿ ಯಾರ ಮೇಲೆ ಸಿಟ್ಟು ಬರ್ತಿತ್ತು ಅಂತಾನೂ ಕೇಳಿ, ಒಳ್ಳೇದು ಮಾತ್ರ ಇರೋ ನೆನಪು ರಿಸರ್ಚ್‌ಗೆ ಬರಲ್ಲ.

1974ರ ಸೆಪ್ಟೆಂಬರಲ್ಲಿ ಚಕ್ರವರ್ತಿಯನ್ನ ಇಳಿಸಿದ್ಮೇಲಿನ ಕಾಗದಗಳನ್ನ ಬೇರೆ ಇಡಿ. 1977-78ರಲ್ಲಿ ಅಲ್ಲಿನ ಮಿಲಿಟರಿ ಸರ್ಕಾರ ಕೆಂಪು ಭಯೋತ್ಪಾದನೆ ಅಂತ ಕರೆಯೋ ಹತ್ಯಾಕಾಂಡದಲ್ಲಿ ಓದೋ ಹುಡುಗರನ್ನೇ ಹೆಚ್ಚಾಗಿ ಕೊಂದಿದ್ದು. ಇದ್ದಕ್ಕಿದ್ದ ಹಾಗೆ ಕಾಗದ ನಿಂತುಹೋದವರು ಯಾಕೆ ನಿಂತ್ರು ಅನ್ನೋದು ನಿಮಗೆ ಗೊತ್ತಾಗ್ಬೋದು, ಗೊತ್ತಾಗದೇನೂ ಇರ್ಬೋದು, ಅವರ ಮನೆಯವರು ಎಲ್ಲೋ ಇದಾರೆ. ಯಾವ ಕಾಗದವನ್ನೂ ಬರೆದವರನ್ನೋ ಅವರ ಮಕ್ಕಳನ್ನೋ ಕೇಳದೆ ರೀಲ್ಸ್‌ಗೆ ಹಾಕ್ಬೇಡಿ, ಎಸ್‌ಒಪೀಲೂ ಹೆಸರು ಬೇಡ.

ಸ್ಕಾಲರ್‌ಶಿಪ್ ಲೆಕ್ಕಕ್ಕೂ ಈ ವರ್ಷ ನಿಲ್ಲೋದೇ ಒಳ್ಳೇದು. ಬ್ರಿಟನ್ನಿನ ಚೀವ್ನಿಂಗ್‌ಗೆ ಎರಡು ವರ್ಷದ ಅನುಭವ, ಗಂಟೆ ಲೆಕ್ಕದಲ್ಲಿ 2,800, ಕೇಳ್ತಾರೆ, ಓದಿದ್ಮೇಲೆ ಎರಡು ವರ್ಷ ಭಾರತಕ್ಕೆ ವಾಪಸ್ ಬರ್ಬೇಕು. ಅಮೆರಿಕದಲ್ಲಿ ಓದೋಕೆ ಕೊಡೋ ಫುಲ್‌ಬ್ರೈಟ್ ನೆಹರು ಮಾಸ್ಟರ್ಸ್‌ಗೆ ಮೂರು ವರ್ಷದ ಅನುಭವ ಬೇಕು, ಜೊತೆಗೆ ನಾಲ್ಕು ವರ್ಷದ ಡಿಗ್ರಿಗೆ ಸಮ ಇರ್ಬೇಕು, ನಿಮ್ಮದು ಮೂರು ವರ್ಷದ ಬಿಎ ಆಗಿದ್ರೆ ಅದರ ಮೇಲೆ ಇನ್ನೊಂದು ಪಿಜಿ ಡಿಪ್ಲೊಮಾನೋ ಎಂಎನೋ ಬೇಕಾಗುತ್ತೆ. ನಿಮಗೆ ಒಂದು ವರ್ಷ ಆಗಿದೆ. ಇನ್ನೊಂದು ವರ್ಷ ಈಗಿನ ಕೆಲಸದಲ್ಲೇ ಇದ್ದು, ಶನಿವಾರ ಭಾನುವಾರ ಮೈಸೂರಿಗೆ ಹೋಗಿ ಅಜ್ಜಿ ಜೊತೆ ಕೂತು, ಆನ್‌ಲೈನಲ್ಲಿ ಅಮ್ಹಾರಿಕ್ ಅಕ್ಷರ ಕಲಿಯೋಕೆ ಶುರು ಮಾಡಿ, ಇನ್ನೂರಕ್ಕಿಂತ ಜಾಸ್ತಿ ಅಕ್ಷರ ಇವೆ ಆದ್ರೆ ನಮ್ಮ ಕಾಗುಣಿತದ ಥರಾನೇ ವ್ಯಂಜನಕ್ಕೆ ಸ್ವರ ಸೇರ್ಕೊಂಡು ರೂಪ ಬದಲಾಗೋದು, ಕನ್ನಡದವರಿಗೆ ಅಷ್ಟು ಕಷ್ಟ ಆಗಲ್ಲ. ಚೀವ್ನಿಂಗ್ ಸಾಮಾನ್ಯವಾಗಿ ಆಗಸ್ಟಲ್ಲಿ ಓಪನ್ ಆಗಿ ಅಕ್ಟೋಬರಲ್ಲಿ ಮುಚ್ಚುತ್ತೆ, ಜೆಎನ್‌ಯು ಎಂಟ್ರೆನ್ಸನ್ನೂ ಜೊತೆಗೇ ಬರೆದಿಡಿ. ಅಪ್ಪನಿಗೆ ಸದ್ಯಕ್ಕೆ ಕೆಲಸ ಬಿಡಲ್ಲ, ಸಾಲಾನೂ ಮಾಡಲ್ಲ ಅಂತ ಹೇಳಿ, ಅದಕ್ಕೆ ಅವರು ಬೇಡ ಅನ್ನೋಕೆ ಕಾರಣ ಇಲ್ಲ.